ಕೆಟ್ಟಿರುವುದು ವಾಚಾ, ನಮ್ಮ ಗುರುತಾ? ಹಳೆ ಒಮೆಗಾ, ರೋಲೆಕ್ಸ್ ಬಿಚ್ಚುವ ಮೊದಲು

ಗಂಗಾವತಿಯಿಂದ ಅಣ್ಣ-ತಮ್ಮ ಇಬ್ಬರು ಬಳ್ಳಾರಿಗೆ, ನನ್ನ ಅಂಗಡಿಗೆ ಬಂದಿದ್ದರು. ಅಕ್ಕಿ ಮಿಲ್ಲಿನ ಮನೆತನ. ಮನೆ ಪಾಲಾದಾಗ ತಾತನ ಎರಡು ಒಮೆಗಾ ವಾಚುಗಳನ್ನು ತಲಾ ಒಂದರಂತೆ ಹಂಚಿಕೊಂಡಿದ್ದಾರೆ. ಎರಡೂ ಸೀಮಾಸ್ಟರ್ ಮಾಡೆಲ್. ಎರಡೂ ಸ್ಟೀಲು. ಎರಡಕ್ಕೂ ಬೆಳ್ಳಿ ಬಣ್ಣದ ಡಯಲ್, 3ರ ಜಾಗದಲ್ಲಿ ತಾರೀಖಿನ ಕಿಂಡಿ. ಟೇಬಲ್ ಮೇಲೆ ಇಟ್ಟರೆ ಥೇಟ್ ಜೋಡೆತ್ತು.

ಅಣ್ಣನ ಮುಖ ಮಾತ್ರ ಗಂಟಾಗಿತ್ತು. "ಅವಂದು ಕೀ ಎಳದ್ರ ತಾರೀಖು ಟಕ್ ಅಂತ ಬದಲಾಗತೈತ್ರಿ. ನಂದು ಎಷ್ಟು ಎಳದ್ರೂ ಆಗಂಗಿಲ್ಲ. ಕೆಟ್ಟಿದ್ದು ನನ್ನ ಪಾಲಿಗೆ ಹಾಕ್ಯಾರ" ಅಂದರು. ತಮ್ಮ ಏನೂ ಹೇಳದೆ ಗೋಡೆ ಕ್ಯಾಲೆಂಡರ್ ನೋಡುತ್ತಾ ಕುಳಿತಿದ್ದರು. ಇಲ್ಲಿಗೆ ಬರುವ ಮೊದಲೇ ಎರಡು ಕಡೆ ತೋರಿಸಿದ್ದರಂತೆ. ಒಬ್ಬರು ಪಾರ್ಟ್ ಹೋಗಿದೆ, ಮುಂಬೈಯಿಂದ ತರಿಸಬೇಕು ಎಂದಿದ್ದರು. ಇನ್ನೊಬ್ಬರು ಎಳೆದ ರಭಸಕ್ಕೆ ಕೀ ಗುಂಡಿ ಸ್ಟೆಮ್ (ಗುಂಡಿಯಿಂದ ಮಷೀನಿನೊಳಗೆ ಹೋಗುವ ಕಡ್ಡಿ) ಸಮೇತ ಕೈಗೆ ಬಂದಿತ್ತು.

ಎರಡನ್ನೂ ಬಿಚ್ಚಿದೆ. ಎರಡರ ಮುಚ್ಚಳದ ಒಳಗೂ ಒಂದೇ ನಂಬರು, 166.010. ಆದರೆ ಅಣ್ಣನ ವಾಚಿನ ಮಷೀನಿನ ಮೇಲೆ 562 ಅಂತಿದೆ, ತಮ್ಮನದರ ಮೇಲೆ 565. ಅಲ್ಲಿಗೆ ಮುಗೀತು. ಗುಂಡಿ ಎಳೆದು ತಾರೀಖು ಬದಲಾಯಿಸುವ ಏರ್ಪಾಡು 565ಕ್ಕೆ ಇದೆ. 562ಕ್ಕೆ ಹುಟ್ಟಿದಾಗಿನಿಂದಲೂ ಇಲ್ಲ. ಇಲ್ಲದ್ದು ಕೆಡುವುದು ಹೇಗೆ?

ನನ್ನ ಟೇಬಲ್ಲಿಗೆ ಬರುವ ಹಳೆ ದುಬಾರಿ ವಾಚುಗಳಲ್ಲಿ ಇಂಥವು ಜಾಸ್ತಿ. ದೂರು ಇರುತ್ತದೆ, ದೋಷ ಇರುವುದಿಲ್ಲ. ಅಣ್ಣ-ತಮ್ಮನ ಹಾಗೆ ಕಾಣುವ ಎರಡು ಮಾಡೆಲ್‌ಗಳಲ್ಲಿ ಗುರುತು ತಪ್ಪಿರುತ್ತದೆ, ಅಷ್ಟೆ. ಇದಕ್ಕೆ ಉಲ್ಟಾ ಕೂಡ ಉಂಟು. ವಾಚು ಸೊಗಸಾಗಿ ಓಡುತ್ತಿರುತ್ತದೆ, ದೂರೇ ಇಲ್ಲ. ಆದರೆ ಡಯಲ್ ಹೇಳುವುದು ಒಂದು, ಒಳಗಿರುವುದು ಇನ್ನೊಂದು. ಅದಕ್ಕೇ ಇಲ್ಲಿ ಒಂದೊಂದು ದೂರನ್ನೂ ಹಿಡಿದುಕೊಂಡು ಮಾಡೆಲ್ ಪತ್ತೆ ಮಾಡುವ ದಾರಿ ಬರೆದಿದ್ದೇನೆ.

ಮೊದಲು ನಂಬರು ಓದಿ

ಹಳೆ ಒಮೆಗಾದಲ್ಲಿ ಮೂರು ಕಡೆ ಓದಬೇಕು. ಹಿಂದಿನ ಮುಚ್ಚಳದ ಒಳಮೈಯಲ್ಲಿ ಕೇಸಿನ ನಂಬರು. ಮಷೀನಿನ ಬ್ರಿಡ್ಜಿನ (ಚಕ್ರಗಳನ್ನು ಹಿಡಿದಿಡುವ ಪಟ್ಟಿ) ಮೇಲೆ ಕ್ಯಾಲಿಬರ್ ನಂಬರು, ಅಂದರೆ ಮಷೀನಿನ ಮಾದರಿ. ಆಟೋಮ್ಯಾಟಿಕ್ (ಕೈಯಾಟಕ್ಕೆ ತಾನೇ ಕೀ ತುಂಬಿಕೊಳ್ಳುವ) ವಾಚಿನ ತೂಕದ ತುಂಡು, ಅಂದರೆ ರೋಟರ್, ಅಡ್ಡ ಬಂದರೆ ಮೆಲ್ಲಗೆ ಸರಿಸಿ ನೋಡಿ. ಮಷೀನಿನ ಮೇಲೆಯೇ ಇನ್ನೊಂದು ಉದ್ದನೆಯ ಸೀರಿಯಲ್ ನಂಬರು ಇರುತ್ತದೆ. ಈ ಸೀರಿಯಲ್ ನಂಬರಿನಿಂದ ವಾಚಿನ ವಯಸ್ಸು ತಿಳಿಯುತ್ತದೆ. 14ರಿಂದ ಶುರುವಾಗುವ ಎಂಟಂಕಿ ಇದ್ದರೆ ಸುಮಾರು 1954-55, 20 ಇದ್ದರೆ 1963ರ ಆಸುಪಾಸು, 25 ಇದ್ದರೆ 1967ರ ಹತ್ತಿರ. ಒಂದೆರಡು ವರ್ಷ ಆಚೆ ಈಚೆ ಆಗಬಹುದು.

1962ರ ಸುಮಾರಿಗೆ ಒಮೆಗಾದವರು ಕೇಸಿನ ನಂಬರು ಬರೆಯುವ ಪದ್ಧತಿಯನ್ನೇ ಬದಲಾಯಿಸಿದರು. ಅದಾದ ಮೇಲೆ ನಮ್ಮ ಕೆಲಸ ಸಲೀಸು. ಚುಕ್ಕಿಗಿಂತ ಮೊದಲಿನ ಮೂರು ಅಂಕಿಯಲ್ಲೇ ಜಾತಕ ಇದೆ. 135 ಅಂದರೆ ಕೀ ಕೊಡುವ ವಾಚು, ತಾರೀಖಿಲ್ಲ. 136 ಅದೇ, ತಾರೀಖಿನ ಜೊತೆ. 165 ಆಟೋಮ್ಯಾಟಿಕ್, 166 ಆಟೋಮ್ಯಾಟಿಕ್ ಮತ್ತು ತಾರೀಖು. 167 ಮತ್ತು 168 ಕ್ರೋನೋಮೀಟರ್, ಅಂದರೆ ಸಮಯ ಪರೀಕ್ಷೆಯಲ್ಲಿ ಪಾಸಾಗಿ ಸರ್ಟಿಫಿಕೇಟ್ ಪಡೆದ ಮಷೀನು. 168ಕ್ಕೆ ತಾರೀಖೂ ಇದೆ. ನಂಬರಿನ ಜೊತೆ ಎಸ್‌ಟಿ ಅಂತಿದ್ದರೆ ಸ್ಟೀಲು, ಬಿಎ ಅಂತಿದ್ದರೆ 18 ಕ್ಯಾರಟ್ ಹಳದಿ ಚಿನ್ನ. ಮೇಲೆ ನೋಡಿದರೆ ಬಂಗಾರ ಫಳಫಳ, ಒಳಗೆ ಎಸ್‌ಟಿ ಅಂತ ಬರೆದಿದ್ದರೆ ಯಾರೋ ಇಲ್ಲೇ ಮುಲಾಮು ಹಾಕಿಸಿದ್ದಾರೆ ಅಂತ ತಿಳಿಯಿರಿ. ಹಟ್ಟಿ ಗಣಿ ನಮ್ಮ ಪಕ್ಕದಲ್ಲೇ ಇದ್ದರೂ ಎಲ್ಲ ಹಳದಿಯೂ ಚಿನ್ನ ಆಗುವುದಿಲ್ಲ.

ಹಳೆ ರೋಲೆಕ್ಸ್ ಆಯ್ಸ್ಟರ್‌ಗಳಲ್ಲಿ (ನೀರು ಹೋಗದ ಕೇಸಿನ ಮಾಡೆಲ್‌ಗಳು) ಮುಚ್ಚಳ ಬಿಚ್ಚುವುದೇ ಬೇಡ. ಬೆಲ್ಟು ಕಳಚಿ. ಬೆಲ್ಟು ಕೂರುವ ಕೊಂಬುಗಳ ನಡುವೆ, 12ರ ಕಡೆ ಮಾಡೆಲ್ ನಂಬರು, 6ರ ಕಡೆ ಸೀರಿಯಲ್ ನಂಬರು ಕೊರೆದಿರುತ್ತಾರೆ. ಐವತ್ತು ವರ್ಷದ ಬೆವರು, ಮಣ್ಣು ಅಲ್ಲಿ ಕಟ್ಟಿಕೊಂಡಿರುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ಷು ಸಾಕು. ಪಿನ್ನಿನಿಂದ ಕೆರೆಯಬೇಡಿ. ನಂಬರು ಅಳಿಸಿದ ರೋಲೆಕ್ಸನ್ನು ಕೊಳ್ಳುವವರು ಅನುಮಾನದಿಂದಲೇ ನೋಡುತ್ತಾರೆ.

ದೂರು: ತಾರೀಖು ಬದಲಾಗುತ್ತಿಲ್ಲ

561, 562, 564, 565. ಈ ನಾಲ್ಕೂ ಒಂದೇ ಮನೆಯ ಮಕ್ಕಳು. ಎಲ್ಲಕ್ಕೂ 24 ಜ್ಯುವೆಲ್ (ಅಚ್ಚು ತಿರುಗುವ ಮಾಣಿಕ್ಯದ ಕಲ್ಲು), ಎಲ್ಲವೂ ತಾಮ್ರದ ಬಣ್ಣ. 561 ಮತ್ತು 564 ಕ್ರೋನೋಮೀಟರ್, ಒಮೆಗಾದ ಕಾನ್‌ಸ್ಟಲೇಶನ್ ವಾಚುಗಳಿಗೆ ಹೋಗುತ್ತಿದ್ದವು. 562 ಮತ್ತು 565 ಸೀಮಾಸ್ಟರ್‌ಗೆ. ತಾರೀಖಿನ ಲೆಕ್ಕದಲ್ಲಿ ಜೋಡಿ ಬೇರೆ: 561, 562 ಹಳೆಯವು, ಗುಂಡಿ ಎಳೆದರೆ ತಾರೀಖು ಹಾರುವುದಿಲ್ಲ. 564, 565 ಆಮೇಲಿನವು, ಹಾರುತ್ತದೆ. 166.010 ಕೇಸಿನಲ್ಲಿ 562 ಕೂಡ ಬಂದಿದೆ, 565 ಕೂಡ ಬಂದಿದೆ. ಹಾಗಾಗಿ ಕೇಸಿನ ನಂಬರು ನೋಡಿ ತೀರ್ಪು ಕೊಟ್ಟರೆ ಎಡವುತ್ತೀರಿ.

ಬಿಚ್ಚದೆ ಪರೀಕ್ಷೆ ಮಾಡುವುದು ಹೀಗೆ. ಕೀ ಗುಂಡಿಯನ್ನು ಉಗುರಿನಿಂದ ಎಳೆಯಿರಿ. ಒಂದು ಹೆಜ್ಜೆಗೆ ನಿಂತು, ಮುಳ್ಳು ತಿರುಗಿಸಲು ಬರುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ ಎಳೆದರೆ 565ರಲ್ಲಿ ಸ್ಪ್ರಿಂಗಿನ ಬಿಗಿ ಕೈಗೆ ತಿಳಿಯುತ್ತದೆ. ಎಳೆದಾಗ ತಾರೀಖು ಒಂದು ಹಾರುತ್ತದೆ, ಬಿಟ್ಟರೆ ಗುಂಡಿ ತಾನೇ ಒಳಗೆ ಸರಿಯುತ್ತದೆ. ಸೈಕಲ್ ಬೆಲ್ ಒತ್ತಿ ಬಿಟ್ಟ ಹಾಗೆ. ಗೊತ್ತಿಲ್ಲದವರು ಇದನ್ನು ನೋಡಿ ಗುಂಡಿ ಸಡಿಲ ಆಗಿದೆ ಅಂತಲೂ ದೂರು ತರುತ್ತಾರೆ. 562ರಲ್ಲಿ ಎರಡನೇ ಹೆಜ್ಜೆಯೇ ಇಲ್ಲ, ಕಲ್ಲಿನ ಹಾಗೆ ನಿಲ್ಲುತ್ತದೆ. ಅಲ್ಲಿ ಕೈ ಬಿಡಬೇಕು. ಬಿಡದೆ ಜಗ್ಗಿದ್ದಕ್ಕೇ ಗಂಗಾವತಿ ಅಣ್ಣನ ಸ್ಟೆಮ್ ಹೊರಗೆ ಬಂದದ್ದು.

562ರಲ್ಲಿ ತಾರೀಖು ಬೇಗ ಬದಲಾಯಿಸಲು ಒಂದು ಉಪಾಯ ಉಂಟು. ಮುಳ್ಳನ್ನು ರಾತ್ರಿ 12 ದಾಟಿಸಿ. ತಾರೀಖು ಒಂದು ಹಾರುತ್ತದೆ. ಈಗ ಹಿಂದಕ್ಕೆ ಸುಮಾರು 9ರವರೆಗೆ ತನ್ನಿ, ಮತ್ತೆ 12 ದಾಟಿಸಿ. ಇನ್ನೊಂದು ಹಾರುತ್ತದೆ. ಪೂರ್ತಿ 24 ತಾಸು ಸುತ್ತುವ ಕೆಲಸ ಇಲ್ಲ.

ಹಾಗಾದರೆ ನಿಜವಾದ ದೋಷ ಯಾವುದು? 12 ದಾಟಿಸಿದರೂ ಅಂಕಿ ಅರ್ಧಕ್ಕೆ ನಿಂತರೆ, ಅಥವಾ ಒಮ್ಮೆಗೆ ಎರಡು ಹಾರಿದರೆ, ಅದು ದೋಷ. ತಾರೀಖಿನ ಚಕ್ರವನ್ನು ಹಿಡಿದಿಡುವ ಸಣ್ಣ ಸ್ಪ್ರಿಂಗು ಅಥವಾ ಹಲ್ಲು ನೋಡಬೇಕು. ಮಧ್ಯಾಹ್ನ 12ಕ್ಕೆ ಬದಲಾಗುತ್ತಿದೆ ಅಂತ ಬಂದರೆ ನಗಬೇಡಿ. ಮುಳ್ಳು ಇನ್ನೊಂದು ಸುತ್ತು ಮುಂದೆ ಹಾಕಿಕೊಟ್ಟು ಚಹಾ ಕುಡಿಸಿ ಕಳಿಸಿ. ರಾತ್ರಿ 10 ಗಂಟೆಗೋ 2 ಗಂಟೆಗೋ ಬದಲಾಗುತ್ತಿದ್ದರೆ ಯಾರೋ ಗಂಟೆ ಮುಳ್ಳನ್ನು ಸರಿಯಾಗಿ ಕೂರಿಸಿಲ್ಲ.

ರೋಲೆಕ್ಸ್‌ನಲ್ಲೂ ಇದೇ ಕಥೆ. ಡೇಟ್ ಮಾಡೆಲ್ 1500, ಡೇಟ್‌ಜಸ್ಟ್ 1601: ಇವುಗಳಲ್ಲಿ ತಾರೀಖು ಬೇಗ ಬದಲಾಯಿಸಲು ಬರುವುದಿಲ್ಲ. ಆ ಸೌಲಭ್ಯ ಬಂದದ್ದು 1977ರ ಕ್ಯಾಲಿಬರ್ 3035ರ ಜೊತೆಗೆ. ನಂಬರೂ ಆಗ ನಾಲ್ಕಂಕಿಯಿಂದ ಐದಂಕಿ ಆಯಿತು: 15000, 16000. ಮೇಲಿಂದ ನೋಡಿದರೆ 1500 ಮತ್ತು 15000ಕ್ಕೆ ವ್ಯತ್ಯಾಸ ಹೇಳುವುದು ಕಷ್ಟ. ಕೊಂಬುಗಳ ನಡುವಿನ ಆ ಒಂದು ಸೊನ್ನೆಯೇ ಉತ್ತರ.

ದೂರು: ಒಳಗೆ ಏನೋ ಬಡಿಯುತ್ತಿದೆ

ಮುನಿರಾಬಾದಿನ ಕಡೆಯಿಂದ ಒಬ್ಬ ಅಮ್ಮ ತಂದಿದ್ದರು. ಅವರ ಅಪ್ಪ ತುಂಗಭದ್ರಾ ಡ್ಯಾಮಿನ ಕೆಲಸದಲ್ಲಿ ಇದ್ದವರು. ಡ್ಯಾಮು ಮುಗಿದ 1953ರ ಆಸುಪಾಸಿನ ಸೀಮಾಸ್ಟರ್. "ಅಲ್ಲಾಡಿಸಿದ್ರ ಒಳಗ ಸ್ಕ್ರೂ ಬಿಚ್ಚಿ ಓಡಾಡಿದಂಗ ಆಗತೈತಿ ಅಣ್ಣಾ, ಟಕ್ ಟಕ್ ಅಂತೈತಿ" ಅಂದರು.

ಐಗ್ಲಾಸ್ (ಕಣ್ಣಿಗಿಡುವ ಭೂತಗನ್ನಡಿ) ಹಾಕುವ ಮೊದಲು ಕಿವಿಗೆ ಹಿಡಿದೆ. ಮೆಲ್ಲಗೆ ಓರೆ ಮಾಡಿದರೆ ಟಕ್. ಈ ಕಡೆ ಓರೆ ಮಾಡಿದರೆ ಇನ್ನೊಂದು ಟಕ್. ಸ್ಕ್ರೂ ಬಿದ್ದಿದ್ದರೆ ಸದ್ದು ಒಂದೇ ಹದದಲ್ಲಿ ಬರುವುದಿಲ್ಲ, ಚಿಲ್ ಅನ್ನುತ್ತದೆ. ಇದು ಮೆತ್ತನೆಯ ಹೊಡೆತ, ಎರಡು ತುದಿಯಲ್ಲಿ ಒಂದೇ ಸಮ.

ಅದು ಬಂಪರ್ ಆಟೋಮ್ಯಾಟಿಕ್. 1940ರ ದಶಕದಿಂದ 1950ರ ದಶಕದ ಮಧ್ಯದವರೆಗಿನ ಒಮೆಗಾ ಆಟೋಮ್ಯಾಟಿಕ್‌ಗಳಲ್ಲಿ ತೂಕದ ತುಂಡು ಪೂರ್ತಿ ಸುತ್ತು ಹೊಡೆಯುವುದಿಲ್ಲ. ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ ತೂಗಿ, ಎರಡು ತುದಿಯಲ್ಲಿ ಸಣ್ಣ ಸ್ಪ್ರಿಂಗುಗಳಿಗೆ ಬಡಿದು ವಾಪಸ್ ಬರುತ್ತದೆ. 1948ರಲ್ಲಿ ಬಂದ ಮೊದಲ ಸೀಮಾಸ್ಟರ್‌ಗಳಲ್ಲಿ, 1952ರಲ್ಲಿ ಬಂದ ಮೊದಲ ಕಾನ್‌ಸ್ಟಲೇಶನ್‌ಗಳಲ್ಲಿ ಇದೇ ಇತ್ತು. ಕ್ಯಾಲಿಬರ್ 342, 344, 351, 352, 354 ಅಂತ ಇದ್ದರೆ ಬಂಪರ್. 1955ರ ಸುಮಾರಿಗೆ 470, 490, 500ರ ಸಾಲಿನ ಮಷೀನುಗಳು ಬಂದವು. ಅವುಗಳ ರೋಟರ್ ಪೂರ್ತಿ ಸುತ್ತುತ್ತದೆ, ಟಕ್ ಇಲ್ಲ, ಸುರ್ ಅಂತ ಸಣ್ಣ ಸದ್ದು ಮಾತ್ರ. ಡಯಲ್ ಮೇಲೆ ಎರಡಕ್ಕೂ "ಸೀಮಾಸ್ಟರ್ ಆಟೋಮ್ಯಾಟಿಕ್" ಅಂತಲೇ ಬರೆದಿರುತ್ತದೆ.

ಟಕ್ ಸದ್ದು ನಿಲ್ಲಿಸುತ್ತೇನೆ ಅಂತ ಆ ಸ್ಪ್ರಿಂಗುಗಳನ್ನು ಕಿತ್ತು ಹಾಕಿದ ವಾಚೂ ನನ್ನ ಕೈಗೆ ಬಂದಿದೆ. ಆಮೇಲೆ ತೂಕದ ತುಂಡು ನೇರ ಲೋಹಕ್ಕೆ ಬಡಿದು ಬಡಿದು ತುದಿ ಚಪ್ಪಟೆ ಆಗಿತ್ತು.

ಪೂರ್ತಿ ರೋಟರಿನ ವಾಚಿನಲ್ಲಿ ಕೆರೆದ ಹಾಗೆ ಸದ್ದು ಬಂದರೆ ಮಾತ್ರ ನಿಜವಾದ ತೊಂದರೆ. ಮುಚ್ಚಳದ ಒಳಮೈ ನೋಡಿ. ಹೊಸ ಗೀರು ವೃತ್ತಾಕಾರದಲ್ಲಿ ಬಿದ್ದಿದ್ದರೆ ರೋಟರಿನ ಅಚ್ಚು ಸವೆದು ತೂಗುತ್ತಿದೆ ಅಂತ ಅರ್ಥ.

ದೂರು: ಕೀ ಕೊಟ್ಟಷ್ಟೂ ತಿರುಗುತ್ತದೆ, ಅಥವಾ, ಆಟೋಮ್ಯಾಟಿಕ್ ಕೈಯಲ್ಲಿದ್ದರೂ ನಿಲ್ಲುತ್ತದೆ

ಇವು ಎರಡು ದೂರು, ಕಾರಣ ಒಂದೇ. ಮೊದಲನೆಯವರು ಆಟೋಮ್ಯಾಟಿಕ್ಕನ್ನು ಕೀ ಕೊಡುವ ವಾಚು ಅಂದುಕೊಂಡಿರುತ್ತಾರೆ, ಎರಡನೆಯವರು ಕೀ ಕೊಡುವ ವಾಚನ್ನು ಆಟೋಮ್ಯಾಟಿಕ್ ಅಂದುಕೊಂಡಿರುತ್ತಾರೆ.

ಎಚ್‌ಎಂಟಿ ಜನತಾದಲ್ಲಿ ಕೈ ಪಳಗಿದ ಮಂದಿ ನಾವು. ಕೀ ಕೊಟ್ಟರೆ ಒಂದು ಹಂತದಲ್ಲಿ ಬಿಗಿಯಾಗಿ ನಿಲ್ಲಬೇಕು. ಆಟೋಮ್ಯಾಟಿಕ್‌ನಲ್ಲಿ ನಿಲ್ಲುವುದಿಲ್ಲ. ಅದರ ಮೇನ್‌ಸ್ಪ್ರಿಂಗ್ ತುಂಬಿದ ಮೇಲೆ ಡಬ್ಬಿಯೊಳಗೆ ಜಾರುತ್ತದೆ, ಜಾರಲಿ ಅಂತಲೇ ಮಾಡಿದ್ದು. ಗುಂಡಿ ತಿರುಗಿಸುವಾಗ ಬಿಗಿ ಇದ್ದು ನಿಲ್ಲದಿದ್ದರೆ ಸರಿಯಾಗಿದೆ. ಬಿಗಿಯೇ ಇಲ್ಲದೆ ಬೆಣ್ಣೆಯಲ್ಲಿ ತಿರುಗಿದ ಹಾಗಿದ್ದರೆ ಸ್ಪ್ರಿಂಗ್ ಮುರಿದಿರಬಹುದು.

ಇನ್ನೊಂದು ಕಡೆಯದು ರೋಲೆಕ್ಸ್. ಗಣಿ ಜೋರಿದ್ದ ಕಾಲದಲ್ಲಿ ಸಂಡೂರು, ಹೊಸಪೇಟೆ ಕಡೆಯವರು ಹಳೆ ರೋಲೆಕ್ಸ್ ಕೊಂಡದ್ದು ಕಡಿಮೆಯೇನಲ್ಲ. ದುಡ್ಡು ಕೊಟ್ಟವರು ಡಯಲ್ ಮೇಲಿನ ಕಿರೀಟ ನೋಡಿದರು, ಅದರ ಕೆಳಗಿನ ಸಣ್ಣ ಅಕ್ಷರ ಓದಲಿಲ್ಲ. 34 ಮಿಲಿಮೀಟರಿನ ಮೂರು ವಾಚು ಪಕ್ಕಪಕ್ಕ ಇಡಿ. 6694: "ಆಯ್ಸ್ಟರ್‌ಡೇಟ್ ಪ್ರಿಸಿಷನ್" ಅಂತಿದೆ, ತಾರೀಖಿದೆ, ಕೀ ಕೊಡಬೇಕು. 1500: "ಆಯ್ಸ್ಟರ್ ಪರ್ಪೆಚುಯಲ್ ಡೇಟ್" ಅಂತಿದೆ, ತಾರೀಖಿದೆ, ಆಟೋಮ್ಯಾಟಿಕ್. 5500: "ಏರ್-ಕಿಂಗ್", ತಾರೀಖಿಲ್ಲ, ಆಟೋಮ್ಯಾಟಿಕ್. ಹುಡುಕಬೇಕಾದ ಪದ ಒಂದೇ, "ಪರ್ಪೆಚುಯಲ್". ಅದಿದ್ದರೆ ಆಟೋಮ್ಯಾಟಿಕ್. 6694ರಲ್ಲಿ ಅದಿಲ್ಲ. ತಾರೀಖಿನ ಮೇಲಿನ ಭೂತಗನ್ನಡಿ 6694ಕ್ಕೂ ಇದೆ, 1500ಕ್ಕೂ ಇದೆ, ಅದನ್ನು ನಂಬಬೇಡಿ. ಏರ್-ಕಿಂಗ್ ಡಯಲ್‌ನಲ್ಲೂ "ಪ್ರಿಸಿಷನ್" ಅಂತ ಇರುತ್ತದೆ, ಅದನ್ನೂ ನಂಬಬೇಡಿ.

ಒಬ್ಬ ಲಾರಿ ಸಾಹುಕಾರರು 6694 ಕಟ್ಟಿಕೊಂಡು ದಿನಾ ಬೆಳಿಗ್ಗೆ ಐದು ನಿಮಿಷ ಕೈ ಅಲ್ಲಾಡಿಸುತ್ತಿದ್ದರಂತೆ. ಕೀ ಕೊಡಿ ಅಂದೆ. "ಕೀ ತಿರುಗಂಗೇ ಇಲ್ಲಲ್ರೀ" ಅಂದರು. ಆಯ್ಸ್ಟರ್‌ನ ಗುಂಡಿ ಬಾಟಲಿ ಮುಚ್ಚಳದ ಹಾಗೆ ಮರೆ (ತಿರುಪಿನ ಸುತ್ತು) ಹಾಕಿ ಕೂರುತ್ತದೆ. ಮೊದಲು ಅದನ್ನು ಬಿಚ್ಚುವ ಕಡೆಗೆ ತಿರುಗಿಸಿದರೆ ಟಪ್ ಅಂತ ಹೊರಗೆ ಬರುತ್ತದೆ. ಆಮೇಲೆ ಕೀ. ಕೆಲಸ ಮುಗಿದ ಮೇಲೆ ಒತ್ತಿ ಮತ್ತೆ ಮರೆ ಬಿಗಿ ಮಾಡಬೇಕು. ಇಲ್ಲದಿದ್ದರೆ ನೀರು, ಧೂಳು ಎರಡಕ್ಕೂ ಬಾಗಿಲು ತೆರೆದಿಟ್ಟ ಹಾಗೆ.

ಟ್ಯೂಡರ್ ಬಗ್ಗೆ ಒಂದು ಮಾತು. ಹಳೆ ಟ್ಯೂಡರ್‌ನ ಗುಂಡಿಯ ಮೇಲೂ ರೋಲೆಕ್ಸ್ ಕಿರೀಟ ಇರುತ್ತದೆ, ಮುಚ್ಚಳದಲ್ಲೂ ರೋಲೆಕ್ಸ್ ಕೇಸ್ ಅಂತ ಬರೆದಿರುತ್ತದೆ. ಅದು ಮೋಸ ಅಲ್ಲ, ಎರಡೂ ಒಂದೇ ಮನೆಯವು. ಕೇಸು ರೋಲೆಕ್ಸ್‌ನದು, ಮಷೀನು ಬೇರೆ ಕಡೆಯದು. ಮೋಸ ಆಗುವುದು ಅದಕ್ಕೆ ರೋಲೆಕ್ಸ್ ಡಯಲ್ ಹಾಕಿದಾಗ. ಮಷೀನು ನೋಡಿದರೆ ಗೊತ್ತಾಗುತ್ತದೆ.

ದೂರು: ಹಿಂದಿನ ಮುಚ್ಚಳ ಬಿಚ್ಚುತ್ತಿಲ್ಲ

ಬಿಚ್ಚುವುದಿಲ್ಲ, ಯಾಕೆಂದರೆ ಮುಚ್ಚಳವೇ ಇಲ್ಲ. 1960ರ ದಶಕದ ಸೀಮಾಸ್ಟರ್ ಡಿ ವಿಲ್‌ಗಳಲ್ಲಿ ಬಹಳಷ್ಟಕ್ಕೆ ಕೇಸು ಒಂದೇ ತುಂಡು. ಹಿಂದೆ ಕಡಲಕುದುರೆಯ ಚಿತ್ರ ಉಬ್ಬಿ ನಿಂತಿರುತ್ತದೆ, ಸುತ್ತ ಸಂದು ಅನ್ನುವುದೇ ಇರುವುದಿಲ್ಲ. ಮುಂದಿನ ಗಾಜು ತೆಗೆದು, ಎರಡು ತುಂಡಿನ ಸ್ಟೆಮ್ ಬಿಡಿಸಿ, ಮಷೀನನ್ನು ಮುಂದಿನಿಂದ ಎತ್ತಬೇಕು. 1967ರಲ್ಲಿ ಡಿ ವಿಲ್ ಬೇರೆ ಸಂಸಾರ ಹೂಡಿತು. ಆಮೇಲಿನವುಗಳಲ್ಲಿ ಡಯಲ್ ಮೇಲೆ "ಸೀಮಾಸ್ಟರ್" ಅನ್ನುವ ಪದ ಹೋಗಿ ಬರೀ "ಡಿ ವಿಲ್" ಉಳಿಯಿತು.

ನನ್ನ ಡ್ರಾಯರಿನಲ್ಲಿ ಇಂಥ ಒಂದು ಕೇಸು ಇದೆ. ಯಾರೋ ಚಾಕು ಹಾಕಿ ಮೀಟಿದ್ದಾರೆ. ಕಡಲಕುದುರೆಯ ಬಾಲದಿಂದ ಶುರುವಾಗಿ ಅಂಚಿನವರೆಗೆ ನಾಲ್ಕು ಗಾಯ, ಒಂದಕ್ಕಿಂತ ಒಂದು ಆಳ. ನಾಲ್ಕನೆಯದರಲ್ಲಿ ಚಾಕುವಿನ ತುದಿ ಮುರಿದು ಒಳಗೇ ಸಿಕ್ಕಿದೆ. ಹೊಸ ಹುಡುಗರು ಕೆಲಸ ಕಲಿಯಲು ಬಂದರೆ ಮೊದಲು ಅದನ್ನು ಕೈಗೆ ಕೊಡುತ್ತೇನೆ.

ದೂರೇ ಇಲ್ಲದ ದೋಷ: ಬೇರೆಯವರ ಮುಖ

ರಾಯಚೂರಿನ ಹತ್ತಿ ವ್ಯಾಪಾರಿಯೊಬ್ಬರು ಬರೀ ಆಯಿಲಿಂಗಿಗೆ ಅಂತ ಒಂದು ಕಾನ್‌ಸ್ಟಲೇಶನ್ ತಂದರು. 6ರ ಮೇಲೆ ನಕ್ಷತ್ರ, ಹನ್ನೆರಡು ಮಡಿಕೆಯ ಡಯಲ್, ಬೋರಲು ಹಾಕಿದ ತಟ್ಟೆಯ ಹಾಗೆ ಅಂಚು ಇಳಿಜಾರು. ಚೆಂದದ ವಾಚು. ತಿರುಗಿಸಿದೆ. ಹಿಂದೆ ಕಡಲಕುದುರೆ.

ಕಾನ್‌ಸ್ಟಲೇಶನ್ ಹಿಂದೆ ಇರಬೇಕಾದದ್ದು ವೀಕ್ಷಣಾಲಯದ ಗುಮ್ಮಟ, ಅದರ ಮೇಲೆ ಎಂಟು ನಕ್ಷತ್ರ. ಕಡಲಕುದುರೆ ಸೀಮಾಸ್ಟರ್‌ದು. ಒಳಗೆ 166ರ ಕೇಸು, 562 ಮಷೀನು. ಡಯಲ್ ಮಾತ್ರ ಅಸಲಿ ಕಾನ್‌ಸ್ಟಲೇಶನ್‌ದೇ! 561 ಮತ್ತು 562 ಒಂದೇ ಮನೆಯವು ಆದ್ದರಿಂದ ಒಂದರ ಡಯಲ್ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಅದಕ್ಕೇ ಇಲ್ಲಿ ಡಯಲ್ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ. 24 ಜ್ಯುವೆಲ್ ಅಂತ ಓದಿ ಸಮಾಧಾನ ಆಗುವುದೂ ಬೇಡ, ಎರಡಕ್ಕೂ 24. ಕ್ಯಾಲಿಬರ್ ಓದಿ: ಸಾಮಾನ್ಯವಾಗಿ ತಾರೀಖಿಲ್ಲದ್ದಾದರೆ 505 ಅಥವಾ 551, ತಾರೀಖಿದ್ದರೆ 561 ಅಥವಾ 564. ಮಷೀನಿನ ಮೇಲೆ ಐದು ಭಂಗಿ ಮತ್ತು ತಾಪಮಾನಕ್ಕೆ ಹದ ಮಾಡಿದ್ದು ಅಂತ ಇಂಗ್ಲಿಷಿನಲ್ಲಿ ಕೊರೆದಿರುತ್ತದೆ. ಅದಿಲ್ಲದೆ ಡಯಲ್ ಮೇಲೆ ಬರೀ ಕ್ರೋನೋಮೀಟರ್ ಅಂತಿದ್ದರೆ ನಂಬಬೇಡಿ.

ಇನ್ನು ಇಲ್ಲೇ ಹೊಸದಾಗಿ ಬಣ್ಣ ಹೊಡೆದ ಡಯಲ್‌ಗಳು. ನಮ್ಮ ಕಡೆ ಒಮೆಗಾಕ್ಕಿಂತ ಇನ್ನೊಂದು ಸ್ವಿಸ್ ಕಂಪನಿಯ ಫಾವ್ರ್-ಲ್ಯೂಬಾಗಳಲ್ಲಿ ಇದು ಜಾಸ್ತಿ. ಒಂದು ಕಾಲದಲ್ಲಿ ಅದರ ಸೀ ಚೀಫ್, ಸೀ ಕಿಂಗ್ ಮಾಡೆಲ್‌ಗಳು ಅಳಿಯಂದಿರ ವಾಚು ಆಗಿದ್ದವು. ಅವುಗಳಲ್ಲಿ ಈಗ ಮೂಲ ಡಯಲ್ ಉಳಿದಿರುವುದು ಅಪರೂಪ. ಐಗ್ಲಾಸ್‌ನಲ್ಲಿ ಅಕ್ಷರದ ಅಂಚು ನೋಡಿ. ಕಾರ್ಖಾನೆಯ ಅಕ್ಷರ ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ ಇರುತ್ತದೆ. ಇಲ್ಲಿನದು ಮದುವೆ ಪತ್ರಿಕೆಯ ಶಾಯಿಯ ಹಾಗೆ ಸ್ವಲ್ಪ ಹರಡಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಕಡ್ಡಿಗೆ ನೇರ ಬಂದಿವೆಯಾ ನೋಡಿ. 6ರ ಕೆಳಗೆ "ಸ್ವಿಸ್" ಅಥವಾ "ಸ್ವಿಸ್ ಮೇಡ್" ಅನ್ನುವುದು ಮಾಯ ಆಗಿದೆಯಾ ನೋಡಿ. ಕಡು ನೀಲಿ, ಗಿಳಿ ಹಸಿರು, ಅರ್ಧ ಕೆಂಪು ಅರ್ಧ ಕಪ್ಪು ಡಯಲ್ ಬಂದರೆ ಐಗ್ಲಾಸೂ ಬೇಡ.

ದೂರು: ರಾತ್ರಿ ಹೊಳೆಯುತ್ತಿಲ್ಲ

ಹೊಳೆಯದೆ ಇರುವುದೇ ಸರಿ. 1960ರ ದಶಕದ ಶುರುವಿನವರೆಗೆ ಮುಳ್ಳು, ಡಯಲ್‌ಗೆ ಹಚ್ಚುತ್ತಿದ್ದದ್ದು ರೇಡಿಯಂ. ಆಮೇಲೆ ಟ್ರಿಟಿಯಂ ಬಂತು. ಆ ಡಯಲ್‌ಗಳ ಕೆಳಗೆ "ಸ್ವಿಸ್" ಅನ್ನುವುದರ ಎರಡೂ ಪಕ್ಕ "ಟಿ" ಅಕ್ಷರ ಇರುವುದುಂಟು. ಟ್ರಿಟಿಯಂ ಸುಮಾರು 12.3 ವರ್ಷಕ್ಕೆ ಅರ್ಧ ಆಗುತ್ತದೆ. 1965ರ ವಾಚಿನಲ್ಲಿ ಈಗ ಉಳಿದಿರುವುದು ಮೂವತ್ತರಲ್ಲಿ ಒಂದು ಪಾಲು. ಅಂಥ ವಾಚು ಕತ್ತಲಲ್ಲಿ ಹಸಿರಾಗಿ ಜಗಜಗ ಅಂದರೆ ಯಾರೋ ಹೊಸದಾಗಿ ಹಚ್ಚಿದ್ದಾರೆ. ಮುಳ್ಳಿನ ಬಣ್ಣ ಒಂದು, ಡಯಲ್ ಚುಕ್ಕಿಯ ಬಣ್ಣ ಇನ್ನೊಂದು ಇದ್ದರೆ ಮುಳ್ಳು ಬೇರೆ ವಾಚಿನದು ಇರಬಹುದು.

ರೇಡಿಯಂ ವಿಷಯದಲ್ಲಿ ಮಾತ್ರ ಹುಷಾರು. ಹೊಳಪು ಸತ್ತಿರುತ್ತದೆ, ವಿಷ ಸತ್ತಿರುವುದಿಲ್ಲ. ಅದು ಅರ್ಧ ಆಗಲು ಸುಮಾರು 1600 ವರ್ಷ ಬೇಕು. ಕಂದು ತಿರುಗಿ ಪುಡಿ ಉದುರುವ ಹಳೆ ಡಯಲ್ ಕಂಡರೆ ಕೆರೆಯಬೇಡಿ, ಬಾಯಿಂದ ಊದಬೇಡಿ, ಅದೇ ಟೇಬಲ್ ಮೇಲೆ ಊಟದ ಡಬ್ಬಿ ಬಿಚ್ಚಬೇಡಿ.

ಕೆಂಪು ಪುಡಿ

ಇದು ನಮ್ಮ ಜಿಲ್ಲೆಯ ಸ್ಪೆಷಲ್. ವಾಚು ಬಿಚ್ಚಿದರೆ ಒಳಗೆ ಕೆಂಪು. ನೋಡಿದವರೆಲ್ಲ ತುಕ್ಕು ಅನ್ನುತ್ತಾರೆ. ಅದು ಮೂರರಲ್ಲಿ ಯಾವುದೂ ಆಗಿರಬಹುದು.

ಗಣಿ ಧೂಳಾದರೆ ಸ್ಟೆಮ್ ಒಳಗೆ ಹೋಗುವ ತೂತಿನ ಬಾಯಲ್ಲಿ ಗುಡ್ಡೆ ಆಗಿರುತ್ತದೆ, ಅಲ್ಲಿಂದ ದೂರ ಹೋದಷ್ಟೂ ತೆಳು. ರಬ್ಬರ್ ಬುರುಡೆಯ ಗಾಳಿಗೆ ಎದ್ದು ಹೋಗುತ್ತದೆ. ಹಿತ್ತಾಳೆ ಮೇಲೂ ಕೂತಿರುತ್ತದೆ, ಸ್ಟೀಲ್ ಮೇಲೂ ಕೂತಿರುತ್ತದೆ, ಅದಕ್ಕೆ ಭೇದ ಇಲ್ಲ. ತುಕ್ಕಾದರೆ ಸ್ಟೀಲನ್ನೇ ಹುಡುಕಿ ಹಿಡಿದಿರುತ್ತದೆ: ಸ್ಟೆಮ್, ಸ್ಕ್ರೂ ತಲೆ, ಸಣ್ಣ ಸ್ಪ್ರಿಂಗುಗಳು. ಒರೆಸಿದರೆ ಹೋಗುವುದಿಲ್ಲ, ಹೋದರೂ ಕೆಳಗೆ ಗುಳಿ ಕಾಣುತ್ತದೆ. ಮೂರನೆಯದು ಅಚ್ಚುಗಳ ಬಾಯಿಯಲ್ಲಿ, ಜ್ಯುವೆಲ್ ಸುತ್ತ, ಕೆಂಪು ಕಂದು ಅಂಟು. ಅದು ಎಣ್ಣೆ ಒಣಗಿ ಲೋಹಕ್ಕೆ ಲೋಹ ತಿಕ್ಕಿ ಬಂದ ಪುಡಿ. ನಮ್ಮ ಏಪ್ರಿಲ್-ಮೇ ಬಿಸಿಲು 40 ದಾಟುತ್ತದೆ, ಹಳೆ ಎಣ್ಣೆ ನಿಲ್ಲುವುದಿಲ್ಲ. ಈ ಮೂರನೆಯದನ್ನು ಕಂಡರೆ ಬರೀ ಮೇಲೆ ಎಣ್ಣೆ ಬಿಟ್ಟು ಕೊಡಬೇಡಿ. ಪೂರ್ತಿ ಬಿಚ್ಚಿ ತೊಳೆಯಬೇಕು, ಅಚ್ಚು ಸವೆದಿದೆಯಾ ನೋಡಬೇಕು.

ಮಾಡೆಲ್ ಗೊತ್ತಿದ್ದರೆ ಇಲ್ಲೂ ಉಪಯೋಗ. ಒತ್ತಿ ಕೂರಿಸುವ ಗುಂಡಿಯ ಹಳೆ ಸೀಮಾಸ್ಟರ್‌ನಲ್ಲಿ ಗಣಿ ಧೂಳು ಸಿಕ್ಕರೆ ಆಶ್ಚರ್ಯ ಇಲ್ಲ. ಮರೆ ಹಾಕಿ ಬಿಗಿ ಮಾಡುವ ಆಯ್ಸ್ಟರ್‌ನಲ್ಲಿ ಸಿಕ್ಕರೆ ಒಂದೋ ಗುಂಡಿಯ ರಬ್ಬರು ಹೋಗಿದೆ, ಇಲ್ಲವೇ ಮಾಲೀಕರು ಮರೆ ಬಿಗಿ ಮಾಡುವುದೇ ಇಲ್ಲ.

ಟೈಮ್‌ಗ್ರಾಫರ್ ಹೇಳುವ ಸುಳ್ಳು

ಈಗ ಎಲ್ಲರ ಹತ್ತಿರ ಚೀನಾದ ಟೈಮ್‌ಗ್ರಾಫರ್, ಅಂದರೆ ವಾಚಿನ ಬಡಿತ ಕೇಳಿ ಅಳೆಯುವ ಯಂತ್ರ, ಇದೆ. ಮೈಕಿನ ಮೇಲೆ ಇಟ್ಟರೆ ಗೆರೆ ಬರುತ್ತದೆ. ಆದರೆ ಅದಕ್ಕೂ ಮಾಡೆಲ್ ಹೇಳಬೇಕು. ಹಾಗೇ ಬಿಟ್ಟರೆ ಲಿಫ್ಟ್ ಆ್ಯಂಗಲ್ (ತೂಗಾಟ ಲೆಕ್ಕ ಹಾಕಲು ಬೇಕಾದ ಕೋನ) 52 ಡಿಗ್ರಿ ಅಂತ ಹಿಡಿದುಕೊಳ್ಳುತ್ತದೆ. ಒಮೆಗಾದ 550, 560ರ ಸಾಲಿಗೆ 49 ಹಾಕಬೇಕು. 52ರಲ್ಲಿ 260 ಡಿಗ್ರಿ ತೋರಿಸಿದ ವಾಚಿನ ಬ್ಯಾಲೆನ್ಸ್ ಚಕ್ರದ ನಿಜವಾದ ತೂಗಾಟ 245ರ ಸುಮಾರು. ಬ್ಯಾಲೆನ್ಸ್ ಜೋರಾಗಿದೆ ಅಂತ ಖುಷಿಯಲ್ಲಿ ಕೊಟ್ಟು ಕಳಿಸುತ್ತೀರಿ, ಆರು ತಿಂಗಳಿಗೆ ವಾಪಸ್ ಬರುತ್ತದೆ. ಬಡಿತದ ಲೆಕ್ಕವೂ ಹಾಗೆಯೇ. ಜನತಾ ಗಂಟೆಗೆ 18,000, ಒಮೆಗಾ 562 ಮತ್ತು 565 19,800. ರೋಲೆಕ್ಸ್‌ನ 1560 18,000 ಆದರೆ ಅದರ ತಮ್ಮ 1570 19,800. ಲೆಕ್ಕ ತಪ್ಪಿಟ್ಟರೆ ಒಳ್ಳೆಯ ವಾಚಿನ ಗೆರೆಯೂ ಹುಚ್ಚು ಹಿಡಿದ ಹಾಗೆ ಓಡುತ್ತದೆ.

ಯಾವ ಮಾಡೆಲ್ ಆದರೂ ದಿಢೀರ್ ಅಂತ ನಿಮಿಷಗಟ್ಟಲೆ ಮುಂದೆ ಓಡಲು ಶುರು ಮಾಡಿದರೆ, ಮೊದಲು ಹತ್ತಿರ ದಿಕ್ಸೂಚಿ ಹಿಡಿಯಿರಿ. ಅದರ ಸೂಜಿ ಅಲ್ಲಾಡಿದರೆ ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಸ್ಪ್ರಿಂಗು, ಹೇರ್‌ಸ್ಪ್ರಿಂಗ್, ಅಯಸ್ಕಾಂತ ಹಿಡಿದಿರಬಹುದು. ಮೊಬೈಲ್ ಕವರಿನ ಮ್ಯಾಗ್ನೆಟ್ ಪಕ್ಕ ವಾಚು ಇಟ್ಟು ಮಲಗಿದ್ದೀರಾ ಅಂತ ಕೇಳಿ.

ಗಂಗಾವತಿಯವರ ವಿಷಯ ಅರ್ಧಕ್ಕೆ ಬಿಟ್ಟೆ. ಸ್ಟೆಮ್ ಹಿಡಿಯುವ ಸ್ಕ್ರೂ ಸಡಿಲ ಆಗಿತ್ತು, ಬೇರೇನೂ ಮುರಿದಿರಲಿಲ್ಲ. ಕೂರಿಸಿ ಬಿಗಿ ಮಾಡಿದೆ. ಅಣ್ಣನ ವಾಚು 8ನೇ ತಾರೀಖು ತೋರಿಸುತ್ತಿತ್ತು, ಅವತ್ತು 23. ನೀವೇ ಮಾಡಿ ನೋಡಿ ಅಂತ ಕೈಗೆ ಕೊಟ್ಟೆ. 12 ದಾಟಿಸಿ, 9ಕ್ಕೆ ತಂದು, ಮತ್ತೆ 12 ದಾಟಿಸಿ, ಹದಿನೈದು ಸಲ. ಆರನೇ ಸಲಕ್ಕೆ ಕೈ ಪಳಗಿತು.

ತಮ್ಮ ಬಾಯಿ ಬಿಟ್ಟದ್ದು ಆಗಲೇ. "ಅಣ್ಣಾ, ಬೇಕಾದ್ರ ನಂದು ನೀ ತಗೋ."

ಅಷ್ಟರಲ್ಲಿ ನಾನು ಎರಡರ ಸೀರಿಯಲ್ ನಂಬರನ್ನೂ ಚೀಟಿಯಲ್ಲಿ ಬರೆದಿದ್ದೆ. ತಮ್ಮನದು 25ರಿಂದ ಶುರು, ಅಣ್ಣನದು 22ರಿಂದ. 1967ರದು ಒಂದು, 1965ರದು ಒಂದು. ಅಣ್ಣ ಚೀಟಿ ತಗೊಂಡು ಎರಡು ಸಲ ಓದಿದರು.

"ಬ್ಯಾಡ ಬಿಡು. ತಾತ ಮೊದಲು ಕಟ್ಟಿದ್ದು ಇದಾ" ಅಂದು ವಾಚು ಕೈಗೆ ಹಾಕಿಕೊಂಡರು. ಸ್ಟೆಮ್ ಕೂರಿಸಿದ ಕೂಲಿ ಮಾತ್ರ ತಗೊಂಡೆ.